ಎಲ್ಲರಿಗಿಂತ ಮೊದಲು ನಗುವವನು

ಚಿತ್ರದಲ್ಲಿರುವ ಕೈಗಳು ತನ್ನವೇ ಎಂಬುದು ಅವನಿಗೆ ಹಲ್ಲುಜ್ಜುತ್ತಿರುವಾಗ ಹೊಳೆಯಿತು. ಬಾಯಿತುಂಬ ನೊರೆ. ಉಗುಳಲು ಬಚ್ಚಲಿಗೆ ಹೋಗಬೇಕು, ಬಚ್ಚಲಲ್ಲಿ ಮಗಳು ನೀರು ಸುರಿದುಕೊಳ್ಳುತ್ತಿದ್ದಳು. ನಡುಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಅವಳ ಪೋಸ್ಟರು ಹರಡಿಕೊಂಡು ಒಣಗುತ್ತಿತ್ತು. ಸುರುಳಿಯಾಗದಿರಲೆಂದು ಒಂದು ಮೂಲೆಗೆ ಇಸ್ತ್ರಿಪೆಟ್ಟಿಗೆ, ಇನ್ನೊಂದಕ್ಕೆ ನೀರಿನ ಜಗ್ಗು, ಉಳಿದೆರಡಕ್ಕೆ ಗ್ರಂಥಾಲಯದಿಂದ ತಂದ ಆ ಚೀನೀ ಕಾದಂಬರಿಯ ದಪ್ಪ ಸಂಪುಟಗಳು. ಶಾಲೆಯಲ್ಲಿ ಓದಿನ ವಾರವಂತೆ. ಓದಿದ ಒಂದು ದೊಡ್ಡ ಪುಸ್ತಕದ ಬಗ್ಗೆ ಒಬ್ಬೊಬ್ಬರೂ ಪೋಸ್ಟರು ಮಾಡಬೇಕಂತೆ. ಬೇರೆ ಮಕ್ಕಳು ಜಾಣರು, ತೆಳ್ಳಗಿನದನ್ನು ಆರಿಸಿಕೊಂಡಿದ್ದರು. ಇವಳಿಗೆ ಮಾತ್ರ ನೂರಾರು ವರ್ಷ ಹಿಂದಿನ ಯಾವುದೋ ದೊಡ್ಡ ಮನೆತನದ ಮುಗಿಯದ ಗೋಳು ಬೇಕಾಗಿತ್ತು. ಊಟ ಮಾಡುವಾಗ, ಬಸ್ಸಿನಲ್ಲಿ, ಮೆಟ್ಟಿಲ ಮೇಲೆ ಕೂತು, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವಾಗಲೂ ಓದಿದಳು. ಓದಲಿ, ಒಳ್ಳೆಯದೇ ಎಂದುಕೊಂಡಿದ್ದ ಅವನು. ಓದಿದವರು ಹೀಗೆ ಮನೆಯವರ ಕಡೆಗೇ ತಿರುಗಿ ನೋಡುತ್ತಾರೆಂದು ಯಾರಿಗೆ ಗೊತ್ತಿತ್ತು?

ಚಿತ್ರದಲ್ಲಿ ಒಂದು ಮನೆ. ಗೋಡೆಯೊಳಗೆ ಗೋಡೆ, ಬಾಗಿಲೊಳಗೆ ಬಾಗಿಲು, ತುದಿ ಮೇಲಕ್ಕೆ ಬಾಗಿದ ಹೆಂಚಿನ ಮಾಡುಗಳು, ಮೂಲೆಯಲ್ಲೊಂದು ಕೊಳ. ನಟ್ಟನಡುವೆ ಎತ್ತರದ ಕುರ್ಚಿಯಲ್ಲಿ ಯಜಮಾನ, ನೋಡುವವರಿಗೆ ಬೆನ್ನು ಹಾಕಿ ಕೂತಿದ್ದಾನೆ. ಮುಖವಿಲ್ಲ, ಅಗಲವಾದ ಬೆನ್ನು, ಅಂಗಿಯ ಕೊರಳಪಟ್ಟಿಯ ಮೇಲೆ ಉಕ್ಕಿ ಕೂತ ಕತ್ತಿನ ಎರಡು ಮಡಿಕೆ, ಕುರ್ಚಿಯ ಹಿಂದಕ್ಕೆ ಇಳಿಬಿಟ್ಟ ಒಂದು ತೋಳು. ಅವನ ಮುಂದೆ ಸಾಲಾಗಿ ಮನೆಮಂದಿ. ದುಂಡು ಬಾಗಿಲ ಹತ್ತಿರ ತಟ್ಟೆ ಹಿಡಿದ ಒಬ್ಬ ಹೆಂಗಸು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮತ್ತು ಯಜಮಾನನಿಗೆ ತೀರ ಹತ್ತಿರದಲ್ಲಿ ಒಬ್ಬ ಬಡಕಲು ಮನುಷ್ಯ. ಉದ್ದನೆಯ ಚೀನೀ ನಿಲುವಂಗಿ, ಒಂದು ಭುಜ ಸ್ವಲ್ಪ ಕೆಳಗೆ, ತಲೆ ಅದೇ ಕಡೆಗೆ ವಾಲಿದೆ, ಬಾಯಿ ತೆರೆದು ನಗುತ್ತಿದ್ದಾನೆ. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದೆ, ಕಳ್ಳನನ್ನು ಹಿಡಿದ ಹಾಗೆ. ಕೆಳಗೆ ಅವಳ ಮುದ್ದಾದ ಅಕ್ಷರದಲ್ಲಿ: ಎಲ್ಲರಿಗಿಂತ ಮೊದಲು ನಗುವವನು.

ಅವನು ಬ್ರಷ್ಷನ್ನು ಬಾಯಿಯಲ್ಲೇ ಕಚ್ಚಿಕೊಂಡು ತನ್ನ ಕೈ ನೋಡಿಕೊಂಡ. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು.

ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ. ಟೈಲ್ಸಿನ ಅಂಗಡಿಯಲ್ಲಿ ಅಣ್ಣನ ಗಾಜಿನ ಕ್ಯಾಬಿನ್ನಿನ ಮುಂದೆ ತಾನು ನಿಲ್ಲುವುದು ಹೀಗೆಯೇ ಎಂದು ಈತನಕ ಅವನಿಗೇ ಗೊತ್ತಿರಲಿಲ್ಲ. ಇವಳಿಗೆ ಹೇಗೆ ಗೊತ್ತಾಯಿತು? ರಜೆಯಲ್ಲಿ ಅಂಗಡಿಗೆ ಬಂದು, ಟೈಲ್ಸು ಪೇರಿಸಿಟ್ಟ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದಳಲ್ಲ, ಪುಸ್ತಕ ನೋಡುತ್ತಿದ್ದಾಳೆ ಅಂತ ತಾನು ತಿಳಿದಿದ್ದೆನಲ್ಲ. ಅಥವಾ ಆ ದಿನ, ಕೆಳಗಿನ ಮನೆಗೆ ಅಣ್ಣನ ಅತಿಥಿಗಳು ಬಂದಿದ್ದಾಗ. "ಮರೀ" ಎಂದು ಮೆಟ್ಟಿಲ ಬುಡದಿಂದ ಅಣ್ಣ ಕೂಗಿದ್ದರು. ನಲವತ್ತು ದಾಟಿ ಕಿವಿಯ ಮೇಲೆ ನರೆ ಬಂದಿದ್ದರೂ ಅವನು ಅಣ್ಣನಿಗೆ ಮರಿ, ಅತ್ತಿಗೆಗೆ ಮರಿ, ಅಂಗಡಿಯ ಹುಡುಗರಿಗೆ ಮರಿ ಸಾರ್. ಬಾಯಲ್ಲಿದ್ದ ತುತ್ತು ಇಳಿಯುವ ಮೊದಲೇ ಇಳಿದುಹೋಗಿದ್ದ. ಐಸು ಬೇಕಿತ್ತು, ಅಷ್ಟೆ. "ಇವನು ಮೊದಲ್ನೇ ಸಲ ಕೆಲಸದ ಸಂದರ್ಶನಕ್ಕೆ ಹೋದಾಗ ಏನಾಯ್ತು ಗೊತ್ತಾ? ಹೆಸರು ಕೇಳಿದ್ರಂತೆ, ಧೊಪ್ ಅಂತ ಬಿದ್ದೇಬಿಟ್ಟ. ಹೆಸರು ಹೇಳೋದ್ರಲ್ಲೇ ಫೇಲ್!" ಎಂದಿದ್ದರು ಅಣ್ಣ. ಅತಿಥಿಗಳು ನಗಬೇಕೋ ಬೇಡವೋ ತಿಳಿಯದೆ ಅವನ ಮುಖ ನೋಡಿದ್ದರು. ಅವನು ನಕ್ಕ. ಅವನು ನಕ್ಕ ಮೇಲೆ ಅವರಿಗೂ ಪರವಾನಗಿ ಸಿಕ್ಕಂತಾಗಿ ಕೋಣೆ ತುಂಬ ನಗೆ. ತಿರುಗಿ ನೋಡಿದರೆ ಬೆನ್ನ ಹಿಂದೆ ಐಸಿನ ತಟ್ಟೆ ಹಿಡಿದು ಮಗಳು ನಿಂತಿದ್ದಳು. ಬೆರಳುಗಳು ತಣ್ಣಗಾಗಿ ಕೆಂಪೇರಿದ್ದವು. ಅವಳು ನಕ್ಕಿರಲಿಲ್ಲ.

ಚಿಕ್ಕಂದಿನಲ್ಲಿ ಅಣ್ಣ ಕೈ ಎತ್ತಿದಾಗ ಮೊದಲೇ ನಕ್ಕುಬಿಟ್ಟರೆ ಏಟಿನ ಬಿಸಿ ಅರ್ಧ ಇಳಿಯುತ್ತಿತ್ತು. ಅಷ್ಟೇ ತಾನೆ ವಿಷಯ? ಅದನ್ನು ಹೀಗೆ ಬಣ್ಣ ಹಚ್ಚಿ ಗೋಡೆಗೆ ತೂಗುಹಾಕಬೇಕೆ?

ಪೋಸ್ಟರಿನ ಕೆಳಗಡೆ ಶಾಲೆಯವರು ಹೇಳಿದ್ದ ಚೌಕಗಳಿದ್ದವು. ಕಥೆಯ ಕಾಲ, ಮುಖ್ಯ ಪಾತ್ರಗಳು, ನನಗೆ ಇಷ್ಟವಾದ ಭಾಗ. ಕೊನೆಯ ಚೌಕ, 'ಈ ಪುಸ್ತಕದಿಂದ ನಾನು ಕಲಿತದ್ದು'. ಅದರಲ್ಲಿ ಬರೆದಿದ್ದಳು: 'ದೊಡ್ಡ ಮನೆಯಲ್ಲಿ ಸಣ್ಣ ಕೋಣೆ ಸಿಕ್ಕವರು ಮನೆಯಷ್ಟೇ ದೊಡ್ಡದಾಗಿ ನಗಬೇಕು.'

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳು ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೋಡಿದ್ಯಾ ಇದನ್ನ?"

"ನೋಡ್ದೆ."

"ನೋಡಿ ಸುಮ್ನಿದ್ಯಾ?"

"ಚೆನ್ನಾಗಿ ಬರ್ದಿದ್ದಾಳೆ ಅನ್ನಿಸ್ತು. ನನ್ನ ಕಾಲು ನೋಡಿ, ಹೊಸಿಲ ಮೇಲೆ. ಅದೂ ಸರಿಯಾಗೇ ಇದೆ."

"ಇವತ್ತು ಸಂಜೆ ಅಲ್ಲಿಗೆ ಬರೋರು ಯಾರು ಗೊತ್ತಾ? ಅಣ್ಣ. ಅವರೇ ಮುಖ್ಯ ಅತಿಥಿ. ಶಾಲೆಯ ಸಮಿತಿಯಲ್ಲಿರೋರು, ಇವಳಿಗೆ ಅಲ್ಲಿ ಸೀಟು ಕೊಡಿಸಿದೋರು. ಅವರ ಕಣ್ಣಿಗೆ ಇದು ಬಿದ್ರೆ?"

"ನನ್ನನ್ನ ಯಾಕೆ ಗದರ್ತೀರಿ? ನಾನೇನು ಬರ್ದಿದ್ನಾ?" ಅವಳು ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದಳು. "ಯಾಕೆ ಬರ್ದಳು ಅಂತ ಕೇಳ್ತಿದ್ದೀರಿ. ಎಷ್ಟು ದಿನದಿಂದ ನೋಡ್ತಿದ್ದಾಳೆ ಅಂತ ಕೇಳ್ಕೊಳ್ಳಿ." ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆಯತೊಡಗಿದಳು. ಪಾತ್ರೆ ತೊಳೆಯುವುದರಲ್ಲೂ ಒಂದು ಬೈಗುಳವಿರುತ್ತದೆ ಎಂದು ಮದುವೆಯಾದವರಿಗೆ ಗೊತ್ತು.

ಬಚ್ಚಲಲ್ಲಿ ನೀರಿನ ಸದ್ದು ಇನ್ನೂ ಕೇಳುತ್ತಿತ್ತು. ಅವನು ನೆಲದ ಮೇಲೆ ಮಂಡಿಯೂರಿದ. ಬಣ್ಣದ ತಟ್ಟೆಯಲ್ಲಿ ಕಪ್ಪು ಇನ್ನೂ ಒದ್ದೆಯಾಗಿತ್ತು. ತಾನು ಏನು ಮಾಡಲಿದ್ದೇನೆಂದು ಯೋಚಿಸಿದ್ದರೆ ಮಾಡುತ್ತಿರಲಿಲ್ಲವೇನೋ; ಕೈ ಮಾತ್ರ, ಟೈಲ್ಸಿನ ಮೇಲೆ ಗುರುತು ಹಾಕಿ ಪಳಗಿದ ಕೈ, ನೆಟ್ಟಗೆ ಹೋಗಿ ಆ ನಗುವ ಮುಖಕ್ಕೆ ಒಂದು ಮೀಸೆ ಬರೆಯಿತು. ಸಾಲದೆಂದು ಎದೆಯತನಕ ಇಳಿಯುವ ಗಡ್ಡ. ಗಡ್ಡ ಬಂದ ಮೇಲೆ ಅದು ತಾನಲ್ಲ ಎನ್ನಿಸಬೇಕಾಗಿತ್ತು. ಆದರೆ ಗಡ್ಡ ಕಟ್ಟಿಕೊಂಡು ಮರೆಯಲ್ಲಿ ನಿಂತ ತನ್ನಂತೆಯೇ ಕಂಡಿತು, ಮುಂಚಿಗಿಂತ ಹೆಚ್ಚು. ಬಾಯಿ ಮುಚ್ಚಿದರೂ ಗಡ್ಡದೊಳಗೆ ನಗು ಹಾಗೇ ಇತ್ತು.

"ಅಪ್ಪಾ."

ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಅವಳು ಬಾಗಿಲಲ್ಲಿದ್ದಳು. ಅವನು ಬಣ್ಣದ ಬ್ರಷ್ಷನ್ನು ಕೈಯಲ್ಲಿ ಹಿಡಿದೇ ಇದ್ದ, ಇನ್ನೊಂದು ಬ್ರಷ್ಷು ಬಾಯಲ್ಲಿ. ಅದನ್ನು ತೆಗೆದು ಹೇಳಿದ:

"ಹಳೇ ಕಾಲದೋರಿಗೆ ಗಡ್ಡ ಇರ್ತಿತ್ತು."

"ಇವನಿಗೆ ಇರಲಿಲ್ಲ."

"ಯಾರವನು?"

"ಕಾದಂಬರೀಲಿ ಬರ್ತಾನೆ. ಯಜಮಾನನ ದಾಯಾದಿ."

"ಕಾದಂಬರೀಲಿ ಕೈಯನ್ನ ಹೀಗೇ ಹಿಡ್ಕೋತಾನೆ ಅಂತ ಬರ್ದಿದ್ಯಾ?"

ಅವಳ ಕಣ್ಣಲ್ಲಿ ನೀರು ಬಂದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ತಲೆ ಸವರಬಹುದಿತ್ತು, ಹೊಸ ಹಾಳೆ ತಂದುಕೊಡುತ್ತೇನೆ ಎನ್ನಬಹುದಿತ್ತು. ಅವಳು ಬಂದು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು, ಜಗ್ಗು ಎತ್ತಿಟ್ಟಳು, ಸಂಪುಟಗಳನ್ನು ಒಂದರ ಮೇಲೊಂದಿಟ್ಟಳು. ಗಡ್ಡ ಇನ್ನೂ ಹಸಿ ಇದೆ ಎಂದು ಅವನು ಹೇಳುವಷ್ಟರಲ್ಲಿ ಹಾಳೆಯನ್ನು ಸುರುಳಿ ಸುತ್ತಿಬಿಟ್ಟಳು. ಸುರುಳಿಯ ಒಳಗೆ ಕಪ್ಪು ಬಣ್ಣ ಎಲ್ಲೆಲ್ಲಿ ಹತ್ತಿತೋ. "ನಿಮಗೆ ಏನಾದ್ರೂ ಹೇಳೋಕಿದ್ರೆ ನನಗೇ ಹೇಳ್ಬಹುದಿತ್ತು" ಎಂದಳು, ಅಷ್ಟೆ. ಅವಳ ದನಿಯಲ್ಲಿದ್ದ ಸಿಟ್ಟು ದೊಡ್ಡವರ ಸಿಟ್ಟು. ಅದು ಅವನ ಮನೆಯಲ್ಲಿ ಅವನನ್ನು ಬಿಟ್ಟು ಎಲ್ಲರಿಗೂ ಇತ್ತು.

ಅಂಗಡಿಯಲ್ಲಿ ಬೆಳಿಗ್ಗೆಯೆಲ್ಲ ಅವನಿಗೆ ತನ್ನ ಕೈಗಳೇ ಹೊರೆಯಾದವು. ಜೇಬಿನೊಳಗೆ ಇಟ್ಟರೆ ಪುಂಡನಂತೆ, ಬೆನ್ನ ಹಿಂದೆ ಕಟ್ಟಿದರೆ ಮೇಷ್ಟರಂತೆ, ಸುಮ್ಮನೆ ಇಳಿಬಿಟ್ಟರೆ ಯಾರೋ ಬಿಟ್ಟುಹೋದ ಸಾಮಾನಿನಂತೆ. ಗಿರಾಕಿಗಳಿಗೆ ಟೈಲ್ಸು ಎತ್ತಿ ತೋರಿಸುವಾಗ ಮಾತ್ರ ನೆಮ್ಮದಿ. ಮಗಳ ಮೇಲಿನ ಸಿಟ್ಟು ಸುಣ್ಣದ ಹಾಗೆ ಒಳಗೇ ಬೇಯುತ್ತಿತ್ತು. ಯಾರ ಅನ್ನ ತಿಂದು ಬೆಳೆದಳು? ತಾನು ತಲೆ ತಗ್ಗಿಸಿದ್ದಕ್ಕೆ ಅವಳ ತಲೆಯ ಮೇಲೊಂದು ಸೂರು ಇದೆ. ಮೇಲ್ಮಹಡಿಯ ಎರಡು ಕೋಣೆಗಳನ್ನು ಅಣ್ಣ ಬಿಟ್ಟುಕೊಟ್ಟಿದ್ದು ತನ್ನ ನಗೆಗಲ್ಲದೆ ಇನ್ನು ಯಾವುದಕ್ಕೆ? ಬಾಗಿದರೆ ಬೆನ್ನು ಮುರಿಯುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಬಾಗಿದವನ ಮಗಳು ಬೆನ್ನ ಮೇಲೆ ಹತ್ತಿ ನಿಂತು ದೂರ ನೋಡುತ್ತಾಳೆ, ಕೆಳಗಿರುವುದು ಯಾರ ಬೆನ್ನು ಅಂತ ಕೇಳುವುದಿಲ್ಲ. ಕೇಳದೆ ಚಿತ್ರ ಬರೆಯುತ್ತಾಳೆ. ಹೀಗೆ ಮನಸ್ಸಿನಲ್ಲೇ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಬೈಯುತ್ತ, ಬೈದದ್ದಕ್ಕೆ ತಾನೇ ನಾಚುತ್ತ, ನಾಚಿದ್ದಕ್ಕೆ ಮತ್ತೆ ಸಿಟ್ಟಾಗುತ್ತ ಅವನು ಒಂದು ಟೈಲನ್ನು ಕೈಜಾರಿ ಬೀಳಿಸಿದ. ಅದು ಮೂರು ಚೂರಾಯಿತು.

ಗಾಜಿನ ಕ್ಯಾಬಿನ್ನಿನ ಬಾಗಿಲು ತೆರೆದುಕೊಂಡಿತು. ಅಣ್ಣ ಹೊರಗೆ ಬಂದರು. ಹೊಸ ಮನೆ ಕಟ್ಟಿಸುತ್ತಿದ್ದ ಗಂಡಹೆಂಡತಿ ಅಲ್ಲೇ ಬಚ್ಚಲ ಟೈಲ್ಸಿನ ಮುಂದೆ, ನೀಲಿಯೋ ಹಸಿರೋ ಎಂದು ಚರ್ಚೆ ಮಾಡುತ್ತ ನಿಂತಿದ್ದರು.

"ಏನಪ್ಪಾ ಮರಿ, ಮಾರೋಕಾಗ್ದೇ ಇರೋದನ್ನೆಲ್ಲ ಒಡೆದು ಖಾಲಿ ಮಾಡ್ತಿದ್ಯಾ?" ಎಂದು ಅಣ್ಣ ಗಿರಾಕಿಗಳ ಕಡೆ ತಿರುಗಿದರು. "ಮೇಡಂ, ಬಣ್ಣದ ವಿಷಯ ಇವನನ್ನ ಮಾತ್ರ ಕೇಳ್ಬೇಡಿ. ಮದುವೆಗೆ ಹುಡುಗಿ ನೋಡೋಕೆ ಹೋದಾಗ ಹುಡುಗೀನ ಬಿಟ್ಟು ಅವಳ ತಂಗೀನ ನೋಡ್ಕೊಂಡು ಬಂದಿದ್ದ. ನಾನು ಹೋಗಿ ಸರಿಯಾದೋಳನ್ನ ತೋರಿಸ್ಬೇಕಾಯ್ತು."

ಹಾಗೇನೂ ಆಗಿರಲಿಲ್ಲ. ಆಗಿರಲಿಲ್ಲವೆಂದು ಅಣ್ಣನಿಗೂ ಗೊತ್ತಿತ್ತು. ಅವನ ಗಂಟಲಿನಿಂದ ಆ ಸದ್ದು ಹೊರಟಿತು, ಹೆ ಹೆ ಹೆ, ಮೊದಲೆರಡು ಸಣ್ಣವು, ಕೊನೆಯದು ಸ್ವಲ್ಪ ಮೇಲಕ್ಕೆ ಎಳೆದದ್ದು, ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಅದನ್ನು ಕೇಳಿಸಿಕೊಂಡ. ನಗುತ್ತಿರುವಾಗಲೇ ಕೇಳಿಸಿಕೊಂಡ. ಆ ಹೆಂಗಸು ನಗಲಿಲ್ಲ, ಮುಖ ಆಚೆ ತಿರುಗಿಸಿ ನೀಲಿ ಟೈಲನ್ನು ಬೆರಳಿಂದ ಸವರತೊಡಗಿದಳು. ಅವಳಿಗೆ ತನ್ನ ಪರವಾಗಿ ನಾಚಿಕೆಯಾಗಿದೆ ಎಂದು ಅವನಿಗೆ ತಿಳಿಯಿತು. ಕೆಳಗೆ ನೋಡಿದರೆ ಎಡಗೈ ಬಲಗೈಯನ್ನು ಹಿಡಿದುಕೊಂಡಿತ್ತು. ಬಿಡಿಸಿದ. ಮತ್ತೆ ಹಿಡಿದುಕೊಂಡಿತು.

"ಸಂಜೆ ಸ್ಕೂಲಿಗೆ ಹೋಗ್ಬೇಕು, ಡ್ರೈವರ್ ಇಲ್ಲ. ನೀನೇ ಗಾಡಿ ತಗೋ" ಎಂದು ಅಣ್ಣ ಕೀಲಿಕೈ ಎಸೆದರು. ಹಿಡಿಯಬೇಕಾದರೆ ಕೈ ಬಿಡಿಸಲೇಬೇಕಾಯಿತು. "ನಿನ್ನ ಮಗಳೂ ಏನೋ ಬರ್ದಿದ್ದಾಳಂತಲ್ಲ. ಟೀಚರ್ ಫೋನ್ ಮಾಡಿದ್ರು, ನಿಮ್ಮನೆ ಹುಡುಗೀದು ತುಂಬ ಚೆನ್ನಾಗಿದೆ ಸಾರ್ ಅಂದ್ರು. ಯಾವುದೋ ಚೀನಾದ ಪುಸ್ತಕವಂತೆ?"

"ಸುಮ್ನೆ ಏನೋ, ಮಕ್ಕಳಾಟ ಅಣ್ಣ. ನೋಡೋ ಹಾಗೇನೂ ಇಲ್ಲ."

"ನೋಡೋ ಹಾಗಿದ್ಯೋ ಇಲ್ವೋ ನಾನು ಹೇಳ್ತೀನಿ."

ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅಣ್ಣ ದಾರಿಯುದ್ದಕ್ಕೂ ಫೋನಿನಲ್ಲಿ ಯಾರಿಗೋ ಸಿಮೆಂಟಿನ ವಿಷಯ ಹೇಳುತ್ತಿದ್ದರು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಆ ಕತ್ತು. ಎಷ್ಟು ಸಲ ಆ ಕತ್ತಿನ ಹಿಂದೆ ಹಿಂದೆ ನಡೆದಿದ್ದಾನೆ, ಬ್ಯಾಂಕಿಗೆ, ಆಸ್ಪತ್ರೆಗೆ, ಅಪ್ಪನ ಹೆಣದ ಹಿಂದೆ ಕೂಡ; ಯಾವ ಮಡಿಕೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಕಣ್ಣು ಮುಚ್ಚಿದರೂ ಹೇಳಬಲ್ಲ. ಯಾರಿಗೂ ತಮ್ಮ ಬೆನ್ನು ಗೊತ್ತಿರುವುದಿಲ್ಲ. ಅಣ್ಣನಿಗೆ ಗುರುತು ಸಿಗಲಾರದು ಎಂಬ ಒಂದು ಆಸೆ ಹುಟ್ಟಿತು. ಮರುಗಳಿಗೆ, ಗುರುತು ಸಿಗಲಿ ಎಂಬ ಇನ್ನೊಂದು ಆಸೆ, ಯಾವ ಮೂಲೆಯಿಂದ ಬಂತೋ, ಅದರ ಕುತ್ತಿಗೆ ಅಮುಕಿತು. ಸಿಗ್ನಲ್ಲಿನಲ್ಲಿ ಹಿಂದಿನವರು ಹಾರನ್ನು ಬಾರಿಸಿದರು. "ನಿದ್ದೆ ಮಾಡ್ತಿದ್ಯೇನೋ?" ಎಂದರು ಅಣ್ಣ.

ಶಾಲೆಯ ಮೊದಲ ಮಹಡಿಯ ಉದ್ದನೆಯ ಓಣಿಯಂಥ ಮೊಗಸಾಲೆಯ ಗೋಡೆಗೆ ಪೋಸ್ಟರುಗಳನ್ನು ಅಂಟಿಸಿದ್ದರು. ಒಂದೊಂದರ ಪಕ್ಕ ಒಂದೊಂದು ಮಗು, ತೊಳೆದ ಮುಖ, ಬಾಯಿಪಾಠ ಮಾಡಿದ ಮಾತು. ಹೆಡ್‌ಮಿಸ್ಟ್ರೆಸ್ ಮುಂದೆ, ಅಣ್ಣ ಅವರ ಪಕ್ಕ, ಹಿಂದೆ ನಾಲ್ಕಾರು ಟೀಚರುಗಳು, ಸಮಿತಿಯ ಇಬ್ಬರು, ಎಲ್ಲರಿಗಿಂತ ಹಿಂದೆ ಅಣ್ಣನ ಹೆಗಲಚೀಲ ಹಿಡಿದ ಅವನು. ಮಕ್ಕಳು ಹೇಳುತ್ತಿದ್ದುದು ಅವನ ಕಿವಿಗೆ ಬೀಳಲಿಲ್ಲ. ಅವನು ದೂರದಿಂದಲೇ ಮಗಳನ್ನು ನೋಡುತ್ತಿದ್ದ. ಎರಡು ಜಡೆ ಬಿಗಿಯಾಗಿ ಹೆಣೆದುಕೊಂಡು, ಪೋಸ್ಟರಿಗೆ ಅರ್ಧ ಮರೆಯಾಗಿ ನಿಂತಿದ್ದಳು. ಆ ಅರ್ಧವನ್ನು ಬೇಕೆಂದೇ ಮರೆ ಮಾಡಿದ್ದಾಳೆಂದು ಹತ್ತಿರ ಬಂದಾಗ ತಿಳಿಯಿತು.

"ಇದೇ ಸಾರ್, ನಿಮ್ಮ ತಮ್ಮನ ಮಗಳದು" ಎಂದರು ಟೀಚರ್, ದನಿಯಲ್ಲಿ ಹೆಮ್ಮೆ ತುಂಬಿಕೊಂಡು. "ಪೂರ್ತಿ ಓದಿದಾಳೆ ಸಾರ್, ಎಲ್ಲಾ ಸಂಪುಟ. ಸ್ವಲ್ಪ ಸರ್ಕೊಳ್ಳಮ್ಮ, ಕಾಣಲಿ."

ಅವಳು ಸರಿದಳು.

ಮನೆ ಇತ್ತು, ಕೊಳವಿತ್ತು, ಬೆನ್ನಿತ್ತು, ಹೊಸಿಲ ಮೇಲೆ ಕಾಲಿತ್ತು. ಸುರುಳಿ ಸುತ್ತಿದಾಗ ಹಸಿ ಕಪ್ಪು ಮೆತ್ತಿಕೊಂಡು ನಗುವವನ ಮುಖ ರಾಡಿಯಾಗಿರಬೇಕು. ಅದರ ಮೇಲೆ ಬಿಳಿ ಕಾಗದವನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ ಅಂಟಿಸಿದ್ದಳು. ಅದರ ಮೇಲೆ ಮತ್ತೆ ಬರೆಯಲು ಹೊತ್ತು ಸಿಕ್ಕಿರಲಿಲ್ಲವೋ, ಮನಸ್ಸು ಬಂದಿರಲಿಲ್ಲವೋ. ಕಣ್ಣಿಲ್ಲ, ಬಾಯಿಲ್ಲ. ಕೆಳಗೆ ಬಿಗಿಯಾಗಿ ಹಿಡಿದುಕೊಂಡ ಕೈಗಳು, ಅವುಗಳ ಕೆಳಗೆ ಅದೇ ಮುದ್ದಾದ ಅಕ್ಷರ.

ಅಣ್ಣ ಕನ್ನಡಕ ಏರಿಸಿ ಚಿತ್ರವನ್ನು ನೋಡಿದರು. ಬೆನ್ನು ಹಾಕಿ ಕೂತವನ ಮೇಲೆ ಅವರ ಕಣ್ಣು ಒಂದು ಗಳಿಗೆ ನಿಂತು ಮುಂದೆ ಹೋಯಿತು. "ಭೇಷ್, ಮನೆ ಅಂದ್ರೆ ಹಿಂಗಿರ್ಬೇಕು. ಯಜಮಾನ ಎಷ್ಟು ಗತ್ತಾಗಿ ಕೂತಿದ್ದಾನೆ ನೋಡಿ" ಎಂದು ಹೆಡ್‌ಮಿಸ್ಟ್ರೆಸ್ ಕಡೆ ನೋಡಿದರು. ಆಮೇಲೆ ಬೆರಳು ಆ ಬಿಳಿ ಮೊಟ್ಟೆಯ ಮೇಲೆ ಇಳಿಯಿತು. "ಎಲ್ಲರಿಗಿಂತ ಮೊದಲು ನಗುವವನು... ಅಲ್ಲಮ್ಮಾ, ಇವನಿಗೆ ಮುಖಾನೇ ಇಲ್ವಲ್ಲ! ಇವನು ಯಾವ ಬಾಯಲ್ಲಿ ನಗ್ತಾನೆ?"

ಸಮಿತಿಯವರು ನಕ್ಕರು. ಟೀಚರುಗಳು ನಕ್ಕರು. ಮಗಳು ತಲೆ ಎತ್ತಿ ಗುಂಪಿನ ಹಿಂದಿದ್ದ ಅಪ್ಪನನ್ನು ಹುಡುಕಿದಳು. ಕಣ್ಣಿಗೆ ಕಣ್ಣು ಸಿಕ್ಕಿತು. ಅವಳು ಹೇಳಿಬಿಡುತ್ತಾಳೆ ಎಂದುಕೊಂಡ; ಹೇಳಲಿ, ಬೆಳಿಗ್ಗೆ ಮಾಡಿದ್ದಕ್ಕೆ ತನಗೆ ಬರಬೇಕಾದದ್ದು ಬರಲಿ. ಅವಳ ಮುಖದಲ್ಲಿ ಏನೋ ಬಾಗಿತು. ಒಂದು ಭುಜ ಸ್ವಲ್ಪ ಇಳಿಯಿತು.

"ಬಣ್ಣ ಚೆಲ್ಲಿಬಿಡ್ತು ದೊಡ್ಡಪ್ಪ, ನಂದೇ ತಪ್ಪು" ಎಂದಳು. ಎಂದು ನಕ್ಕಳು.

ಹೆ ಹೆ ಹೆ. ಮೊದಲೆರಡು ಸಣ್ಣವು, ಕೊನೆಯದು ಮೇಲಕ್ಕೆ ಎಳೆದದ್ದು.

ಓಣಿಯಲ್ಲಿ ಬೇರೆ ಯಾರಿಗೂ ಏನೂ ಕೇಳಿಸಲಿಲ್ಲ, ಒಬ್ಬ ಹುಡುಗಿ ನಕ್ಕಳು ಅಷ್ಟೆ. ಅವನಿಗೆ ಮಾತ್ರ ನೆತ್ತಿಯ ಮೇಲೆ ಕುದಿನೀರು ಸುರಿದಂತಾಯಿತು. ಹುಟ್ಟಿದಾಗ ಅವಳ ಮುಖ ನೋಡಿ ಯಾರ ಹಾಗಿದೆ ಎಂದು ಎಲ್ಲರೂ ವಾದ ಮಾಡಿದ್ದರು. ಮೂಗು ಅಜ್ಜಿಯದು, ಹಣೆ ಅಮ್ಮನದು, ಅಪ್ಪನದು ಏನೂ ಬಂದಿಲ್ಲ ಪುಣ್ಯ ಎಂದು ಅಣ್ಣ ನಗಿಸಿದ್ದರು. ಬಂದಿದೆ. ಇದು ಬಂದಿದೆ. ಬೆಳಗಿನಿಂದ ಮಗಳ ಮೇಲೆ ಕುದಿಯುತ್ತಿದ್ದ ಸಿಟ್ಟು ತಳ ಒಡೆದು ಬೇರೆ ಕಡೆ ಹರಿಯಿತು, ಅಣ್ಣನ ಕಡೆಗೆ, ಅದಕ್ಕಿಂತ ಹೆಚ್ಚಾಗಿ ತನ್ನ ಕಡೆಗೆ, ಈ ಗಂಟಲಿನ ಕಡೆಗೆ, ಸಿಟ್ಟನ್ನೆಲ್ಲ ಮೆತ್ತಗೆ ಅರೆದು ನಗೆ ಮಾಡಿ ಕೊಟ್ಟ ಈ ಹಾಳು ಯಂತ್ರದ ಕಡೆಗೆ. ಯಾರನ್ನೋ ಪಕ್ಕಕ್ಕೆ ತಳ್ಳಿದ. ಅದು ಟೀಚರ್ ಎಂದು ಆಮೇಲೆ ಗೊತ್ತಾಯಿತು.

"ನೀನು ನಗ್ಬೇಡ" ಎಂದ ಮಗಳಿಗೆ. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಓಣಿಯ ಆ ತುದಿಯಲ್ಲಿದ್ದ ಮಕ್ಕಳೂ ತಿರುಗಿದರು. "ಇನ್ನೊಂದು ಸಲ ಹಾಗೆ ನಗ್ಬೇಡ. ಯಾರ ಮುಂದೇನೂ."

"ಏನೋ ಮರಿ ಇದು, ಮಗು ಮೇಲೆ ಯಾಕೆ..."

"ಬಣ್ಣ ಚೆಲ್ಲಿಲ್ಲ ಅಣ್ಣ. ನಾನು ಕೆಡಿಸಿದೆ. ಬೆಳಿಗ್ಗೆ, ಅವಳು ಸ್ನಾನಕ್ಕೆ ಹೋದಾಗ. ಅಲ್ಲಿದ್ದದ್ದು ನನ್ನ ಮುಖ."

ಅಣ್ಣ ಮೊದಲು ನಕ್ಕರು, ಜೊತೆಗೆ ಯಾರಾದರೂ ನಗುತ್ತಾರೆಂದು ಕಾದರು. ಎಂದಿನಂತೆ ಮೊದಲು ನಗಬೇಕಾದವನು ನಗಲಿಲ್ಲ. ಹಾಗಾಗಿ ಉಳಿದವರಿಗೂ ದಾರಿ ತಿಳಿಯಲಿಲ್ಲ. ಅಣ್ಣನ ನಗೆ ಒಂಟಿಯಾಗಿ ಸ್ವಲ್ಪ ದೂರ ಹೋಗಿ ನಿಂತುಹೋಯಿತು.

"ತಮಾಷೆ ಮಾಡ್ತಾನೆ" ಎಂದರು ಹೆಡ್‌ಮಿಸ್ಟ್ರೆಸ್‌ಗೆ.

"ತಮಾಷೆ ಅಲ್ಲ. ಕೈ ನೋಡಿ." ಅವನು ಅಣ್ಣನ ಹೆಗಲಚೀಲವನ್ನು ನೆಲಕ್ಕಿಟ್ಟು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಚಿತ್ರದ ಪಕ್ಕ ನಿಂತು ತೋರಿಸಿದ. ಹಿಡಿತ ಗಟ್ಟಿಯಾಗಿತ್ತು. "ಸರಿಯಾಗಿ ಬರ್ದಿದ್ದಾಳೆ. ಒಂದು ಗೆರೇನೂ ಸುಳ್ಳಿಲ್ಲ. ಎಲ್ಲಾ ನೋಡಿದೀರಲ್ಲ, ಅವಳು ಕಲಿತದ್ದು ಏನು ಅಂತ ಬರ್ದಿದ್ದಾಳೆ, ಅದನ್ನೂ ಓದಿ ಅಣ್ಣ. ಕೆಳಗಡೆ, ಕೊನೇ ಚೌಕ."

ಅಣ್ಣ ಓದಿದರು. ತುಟಿ ಅಲ್ಲಾಡಿದ್ದರಿಂದ ಎಲ್ಲಿಯವರೆಗೆ ಓದಿದರೆಂದು ಎಲ್ಲರಿಗೂ ಕಾಣುತ್ತಿತ್ತು. ಓದಿ ಮುಗಿಸಿ ಮತ್ತೆ ಚಿತ್ರದ ನಡುವಿಗೆ, ಎತ್ತರದ ಕುರ್ಚಿಗೆ ಕಣ್ಣು ಎತ್ತಿದರು. ಅವರ ಕೈ, ಅವರಿಗೇ ತಿಳಿಯದೆ, ನಿಧಾನವಾಗಿ ತಮ್ಮ ಕತ್ತಿನ ಹಿಂಭಾಗಕ್ಕೆ ಹೋಗಿ ಮಡಿಕೆಗಳನ್ನು ಮುಟ್ಟಿ ನೋಡಿತು.

ಯಾರೋ ಕೆಮ್ಮಿದರು. "ಮುಂದಿನದು ನೋಡೋಣ್ವಾ ಸಾರ್?" ಎಂದು ಹೆಡ್‌ಮಿಸ್ಟ್ರೆಸ್ ಗಡಿಬಿಡಿ ಮಾಡಿದರು. ಅಣ್ಣ ಹೊರಟರು. ಎರಡು ಹೆಜ್ಜೆ ಹೋಗಿ ತಿರುಗಿ, ತಗ್ಗಿದ ದನಿಯಲ್ಲಿ, "ಮನೆಗೆ ಬಾ, ಮಾತಾಡೋಣ" ಎಂದರು. ಆ ದನಿಯನ್ನು ಅವನು ಬಲ್ಲ. ಅದು ಕೈ ಎತ್ತುವ ಮೊದಲಿನ ದನಿ. ಚೀಲವನ್ನು ಅಲ್ಲೇ ಬಿಟ್ಟು ಹೋದರು. ಒಬ್ಬ ಟೀಚರ್ ಓಡಿ ಬಂದು ಎತ್ತಿಕೊಂಡರು.

ಗುಂಪು ಓಣಿಯ ತಿರುವಿನಲ್ಲಿ ಮರೆಯಾಯಿತು. ಅವನು ಎದುರಿಗಿದ್ದ ತರಗತಿಯ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತ. ಮಗಳು ಬಂದು ಮುಂದೆ ನಿಂತಳು. ಅವಳ ಮುಖ ಕೆಂಡವಾಗಿತ್ತು.

"ಯಾಕೆ ಹೇಳಿದ್ರಿ? ನಾನು ಸರಿ ಮಾಡ್ತಿದ್ನಲ್ಲ. ನಿಮಗೋಸ್ಕರ ತಾನೆ ಸುಳ್ಳು ಹೇಳಿದ್ದು? ಈಗ ಅಮ್ಮ, ನಾವು, ಎಲ್ಲಿಗೆ ಹೋಗೋದು?"

"ಗೊತ್ತಿಲ್ಲ."

"ಬೆಳಿಗ್ಗೆ ಹಾಳು ಮಾಡ್ತೀರಿ, ಸಾಯಂಕಾಲ ಎಲ್ಲರ ಮುಂದೆ ಕಿರುಚ್ತೀರಿ. ನನ್ನ ಪೋಸ್ಟರು ಅದು. ನಿಮ್ಮದಲ್ಲ."

"ಹೌದು" ಎಂದ. ಅವಳ ಸಿಟ್ಟು ನ್ಯಾಯವಾಗಿತ್ತು. ಅವಳು ಸಿಟ್ಟಾಗಿಯೇ ಇದ್ದಾಳೆ, ಅದನ್ನು ಅರೆದು ಬೇರೇನೋ ಮಾಡಿಲ್ಲ ಎಂಬುದು ಅವನಿಗೆ ಕುಡಿಯಲು ನೀರು ಕೊಟ್ಟಂತಿತ್ತು. "ಒಂದು ಕೆಲಸ ಮಾಡು. ಆ ಮುಖ ಮತ್ತೆ ಬರಿ."

"ಎಲ್ಲಿಂದ ಬರೀಲಿ? ನೆನಪಲ್ಲಿರೋದನ್ನ ಒಂದ್ಸಲ ಬರ್ದಾಯ್ತು."

"ನಾನು ಇಲ್ಲೇ ಕೂತಿರ್ತೀನಿ. ನೋಡಿ ಬರಿ."

ಅವಳು ಬಹಳ ಹೊತ್ತು ಅವನನ್ನು ದಿಟ್ಟಿಸಿದಳು. ಆಮೇಲೆ ಚೀಲದಿಂದ ಪೆನ್ಸಿಲ್ಲು ತೆಗೆದು, ಪೋಸ್ಟರಿನ ಮುಂದೆ ಒಂದು ಕುರ್ಚಿ ಎಳೆದುಕೊಂಡು ಅದರ ಮೇಲೆ ಮಂಡಿಯೂರಿದಳು. ಒಂದು ಸಲ ಅವನ ಕಡೆ, ಒಂದು ಸಲ ಗೋಡೆಯ ಕಡೆ. ಕಾಗದದ ಮೇಲೆ ಪೆನ್ಸಿಲ್ಲಿನ ಸಣ್ಣ ಕರಕರ ಶುರುವಾಯಿತು. ಅವಳ ಕಣ್ಣು ತನ್ನ ಹಣೆಯ ಮೇಲೆ, ಕೆನ್ನೆಯ ಮೇಲೆ, ತುಟಿಯ ಮೇಲೆ ಹರಿದಾಡುವುದು ಚರ್ಮಕ್ಕೆ ತಿಳಿಯುತ್ತಿತ್ತು. ಇಷ್ಟು ಹೊತ್ತು ಯಾರೂ ತನ್ನನ್ನು ನೋಡಿದ್ದಿಲ್ಲ. ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಆದ್ದರಿಂದ ಅದು ಹೇಗಿತ್ತೋ ಹಾಗೇ ಬಿಟ್ಟ.

ಕೆಳಗೆ ಅಂಗಳದಲ್ಲಿ ಜನ ಬೀಳ್ಕೊಡುವ ಸದ್ದು. ಆಮೇಲೆ ಅಣ್ಣನ ದನಿ, ಅಂಗಳದ ನಡುವಿನಿಂದ: "ಮರೀ!" ಕಾರಿನ ಕೀಲಿಕೈ ಅವನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು. "ಲೋ ಮರೀ! ಎಲ್ಲಿ ಸತ್ತೆಯೋ?"

ಅವನ ಕತ್ತಿನ ನರ ತಾನಾಗಿಯೇ ಅಂಗಳದ ಕಡೆ ತಿರುಗಲು ಹೊರಟಿತು.

"ಅಲ್ಲಾಡ್ಬೇಡಿ" ಎಂದಳು ಮಗಳು, ಪೆನ್ಸಿಲ್ಲು ಎತ್ತದೆ. "ಈಗ ಕಣ್ಣು ಬರೀತಿದ್ದೀನಿ."

ಅವನು ಅಲ್ಲಾಡಲಿಲ್ಲ.